ಶಿಶುಪಾಲನೆಗೆ ಸರ್ಕಾರ ಹಣ ಇಟ್ಟಿದೆಯಂತೆ, ಸೀಟು ಎಲ್ಲಿದೆ? ಲೆಕ್ಕ ಹಾಕಿ ನೋಡುವ ಬಗೆ

ಬಜೆಟ್ ಸುದ್ದಿಯಲ್ಲಿ ಶಿಶುಪಾಲನೆಗೆ ಇಷ್ಟು ಕೋಟಿ ಎಂಬ ಸಾಲು ಬಂದರೆ ಯಾರೂ ತಕರಾರು ತೆಗೆಯುವುದಿಲ್ಲ. ಮಕ್ಕಳಿಗೆ ಹಣ ಬೇಡ ಎನ್ನುವವರು ಯಾರಿದ್ದಾರೆ? ಆದರೆ ಬೆಳಿಗ್ಗೆ ಆರೂವರೆಗೆ ಕೆಲಸಕ್ಕೆ ಹೊರಡಬೇಕಾದ ತಾಯಿಗೆ ಆ ಕೋಟಿಗಳಿಂದ ಏನಾದೀತು ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ. ಅವಳಿಗೆ ಬೇಕಾದ್ದು ಒಂದು ಸೀಟು. ನಡೆದು ಹೋಗುವಷ್ಟು ಹತ್ತಿರದಲ್ಲಿರಬೇಕು, ಅವಳು ಹೊರಡುವ ಮೊದಲೇ ಬಾಗಿಲು ತೆರೆದಿರಬೇಕು, ಅವಳು ಬರುವ ತನಕ ಮುಚ್ಚಬಾರದು, ದುಡಿದ ದುಡ್ಡನ್ನೆಲ್ಲ ಶುಲ್ಕವೇ ನುಂಗಬಾರದು. ಮಗುವನ್ನು ಎತ್ತಿಕೊಳ್ಳುವ ಕೈ ನಿನ್ನೆಯದೇ ಆಗಿರಬೇಕು.

ಸೀಟು ಇಲ್ಲದ ಮನೆಯಲ್ಲಿ ಮಗುವನ್ನು ಯಾರೂ ನೋಡಿಕೊಳ್ಳುವುದಿಲ್ಲ ಎಂದಲ್ಲ. ಯಾರೋ ಒಬ್ಬರು ಅದರ ಬೆಲೆ ತೆರುತ್ತಿರುತ್ತಾರೆ. ಅಕ್ಕ ಶಾಲೆ ಬಿಡುತ್ತಾಳೆ, ಅಜ್ಜಿ ಸೊಂಟನೋವು ನುಂಗಿಕೊಂಡು ಮಗುವಿನ ಹಿಂದೆ ಓಡುತ್ತಾಳೆ, ಇಲ್ಲವೇ ತಾಯಿ ಕೆಲಸ ಬಿಡುತ್ತಾಳೆ. ಪ್ರಾಥಮಿಕ ಶಾಲೆಗೆ ಸೇರುವ ವಯಸ್ಸಿಗಿಂತ ಚಿಕ್ಕವರಾದ ಮಕ್ಕಳಲ್ಲಿ ಶೇ 40ಕ್ಕಿಂತ ಹೆಚ್ಚು ಮಂದಿಗೆ, ಅಂದರೆ ಸುಮಾರು 35 ಕೋಟಿ ಮಕ್ಕಳಿಗೆ, ಪಾಲನಾ ಕೇಂದ್ರ ಬೇಕಿದ್ದೂ ಸಿಗುತ್ತಿಲ್ಲ ಎಂದು ವಿಶ್ವಬ್ಯಾಂಕ್ 2020ರಲ್ಲಿ ಅಂದಾಜು ಮಾಡಿತ್ತು. ಮನೆಯವರ ಆರೈಕೆಯ ಹೊಣೆಯಿಂದಾಗಿಯೇ ದುಡಿಮೆಯಿಂದ ಹೊರಗುಳಿದ ಮಹಿಳೆಯರು 70 ಕೋಟಿಗೂ ಹೆಚ್ಚು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2024ರಲ್ಲಿ ಹೇಳಿತು.

ಸರ್ಕಾರದ ಯೋಜನೆಯೊಂದು ಕಾಗದದಿಂದ ಆ ಸೀಟಿನವರೆಗೆ ತಲುಪಿದೆಯೇ ಎಂದು ಪರೀಕ್ಷಿಸಬೇಕೆನ್ನುವವರಿಗಾಗಿ ಈ ಬರಹ. ನೀವು ಸ್ಥಳೀಯ ಸಂಸ್ಥೆಯ ಸದಸ್ಯರಿರಬಹುದು, ಸಂಘದವರಿರಬಹುದು, ಪತ್ರಕರ್ತರಿರಬಹುದು, ಬರೀ ಸಿಟ್ಟು ಬಂದ ತಾಯಿ ತಂದೆಯರಿರಬಹುದು. ಒಂದು ನೋಟ್‌ಬುಕ್, ಭಾಗಾಕಾರ ಗೊತ್ತಿದ್ದರೆ ಸಾಕು.

ಹೆಜ್ಜೆ 1: ಹಣ ಯಾರ ಕೈಗೆ ಹೋಗುತ್ತದೆ ನೋಡಿ

ಶಿಶುಪಾಲನೆಗೆ ಸರ್ಕಾರ ಹಣ ಕೊಡುವ ದಾರಿಗಳು ಮುಖ್ಯವಾಗಿ ಮೂರು. ತಾನೇ ಕೇಂದ್ರ ನಡೆಸುವುದು ಅಥವಾ ಕೇಂದ್ರ ನಡೆಸುವವರಿಗೆ ನೇರವಾಗಿ ಹಣ ಕೊಡುವುದು ಒಂದು. ಪೋಷಕರ ಕೈಗೆ ನಗದನ್ನೋ ವೋಚರನ್ನೋ (ಶುಲ್ಕಕ್ಕೆ ಬದಲಾಗಿ ಕೇಂದ್ರಕ್ಕೆ ಕೊಡಬಹುದಾದ ಚೀಟಿ) ಕೊಟ್ಟು ನೀವೇ ಹುಡುಕಿಕೊಳ್ಳಿ ಎನ್ನುವುದು ಇನ್ನೊಂದು. ಮೂರನೆಯದು ತೆರಿಗೆ ರಿಯಾಯಿತಿ. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದವರಿಗೆ ತೆರಿಗೆ ರಿಯಾಯಿತಿಯಿಂದ ಏನೂ ದಕ್ಕುವುದಿಲ್ಲ. ತೆರಿಗೆ ಇಲ್ಲದವರಿಗೂ ಆ ಮೊತ್ತವನ್ನು ಕೈಗೆ ಕೊಡುವ ಏರ್ಪಾಡಿದ್ದರೆ ಮಾತು ಬೇರೆ. ಹಾಗಾಗಿ ಯೋಜನೆಯ ದೊಡ್ಡ ಪಾಲು ಈ ಮೂರನೆಯ ದಾರಿಯಲ್ಲಿದ್ದರೆ ಅದರ ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಳ್ಳಿ.

ಉಳಿದೆರಡು ದಾರಿಗಳ ನಡುವಿನ ಜಗಳ ಹಳೆಯದು. ಮೆಕ್ಸಿಕೊದಲ್ಲಿ 2007ರಲ್ಲಿ ಶುರುವಾದ ಶಿಶುಕೇಂದ್ರ ಯೋಜನೆಯಲ್ಲಿ ಮಗುವಿನ ತಲೆಗೆ ಇಷ್ಟೆಂದು ಸರ್ಕಾರ ಕೇಂದ್ರಗಳಿಗೇ ಕೊಡುತ್ತಿತ್ತು. ಅಂಥ ಸುಮಾರು 9,000 ಕೇಂದ್ರಗಳು ಎದ್ದುನಿಂತವು, ಹೆಚ್ಚಿನವು ಮನೆಯಂಥ ಸಣ್ಣ ಜಾಗಗಳಲ್ಲಿ. 2019ರಲ್ಲಿ ಹೊಸ ಸರ್ಕಾರ ಅವ್ಯವಹಾರದ ಕಾರಣ ಕೊಟ್ಟು ಅದನ್ನು ನಿಲ್ಲಿಸಿ, ಹಣವನ್ನು ಪೋಷಕರಿಗೇ ಕೊಡತೊಡಗಿತು. ನಗದು ಕೈಗೆ ಬಂತು ನಿಜ, ಆದರೆ ನಿಗದಿತ ಆದಾಯವಿಲ್ಲದ ಕೇಂದ್ರಗಳು ಬಹಳಷ್ಟು ಮುಚ್ಚಿದವು. ಮಗುವನ್ನು ಬಿಡುವ ಜಾಗವೇ ಇಲ್ಲದ ಮೇಲೆ ದುಡ್ಡು ಅಜ್ಜಿಯ ಕೈಗೋ ಮನೆಖರ್ಚಿಗೋ ಹೋಗುತ್ತದೆ. ಅದು ತಪ್ಪಲ್ಲ, ಆದರೆ ಅದು ಸೀಟೂ ಅಲ್ಲ.

ಪೋಷಕರ ಲೆಕ್ಕದಲ್ಲಿ ಹಣ ಕೊಟ್ಟು ಉಳಿದದ್ದನ್ನು ಮಾರುಕಟ್ಟೆಗೆ ಬಿಟ್ಟರೆ ಏನಾಗಬಹುದು ಎನ್ನುವುದಕ್ಕೆ ಆಸ್ಟ್ರೇಲಿಯಾದ ಕತೆ ಇದೆ. ಅಲ್ಲಿ ಸರ್ಕಾರಿ ಸಹಾಯಧನದ ಬಲದ ಮೇಲೆ ಎಬಿಸಿ ಲರ್ನಿಂಗ್ ಎಂಬ ಖಾಸಗಿ ಕಂಪನಿ ಸಾವಿರಕ್ಕೂ ಹೆಚ್ಚು ಕೇಂದ್ರಗಳಿಗೆ ಬೆಳೆದು, 2008ರ ನವೆಂಬರ್‌ನಲ್ಲಿ ಸಾಲದ ಹೊರೆಗೆ ಕುಸಿಯಿತು. ಕೇಂದ್ರಗಳು ಒಮ್ಮೆಲೇ ಮುಚ್ಚದಂತೆ ಸರ್ಕಾರವೇ ಮತ್ತೆ ಹಣ ಸುರಿಯಬೇಕಾಯಿತು. ಕೊನೆಗೆ ಆ ಕೇಂದ್ರಗಳಲ್ಲಿ ಬಹುಪಾಲನ್ನು ಲಾಭದ ಉದ್ದೇಶವಿಲ್ಲದ ಸಂಸ್ಥೆಗಳ ಒಕ್ಕೂಟವೊಂದು ಕೊಂಡುಕೊಂಡಿತು.

ನನ್ನ ಮಟ್ಟಿಗೆ ಹೇಳುವುದಾದರೆ, ಕೇಂದ್ರಗಳು ಈಗಾಗಲೇ ಸಾಕಷ್ಟಿರುವ ಕಡೆ ವೋಚರ್ ಕೆಲಸ ಮಾಡಬಹುದು. ಇಲ್ಲದ ಕಡೆ ವೋಚರ್ ಎಂದರೆ ಬಾವಿಯಿಲ್ಲದ ಊರಿನಲ್ಲಿ ಕೊಡ ಹಂಚಿದ ಹಾಗೆ.

ಹೆಜ್ಜೆ 2: ದೊಡ್ಡ ಅಂಕಿಯನ್ನು ಒಂದು ಮಗುವಿನ ಒಂದು ತಿಂಗಳಿಗೆ ಇಳಿಸಿ

ಕೋಟಿಗಳು ಕಣ್ಣು ಕಟ್ಟುತ್ತವೆ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಘೋಷಣೆ 500 ಕೋಟಿ. ಕೆಳಗೆ ಸಣ್ಣಕ್ಷರದಲ್ಲಿ ‘ಐದು ವರ್ಷಗಳಲ್ಲಿ’ ಎಂದಿದೆ, ಅಂದರೆ ವರ್ಷಕ್ಕೆ 100 ಕೋಟಿ. ಅದರಲ್ಲಿ ಅರ್ಧ ಕಟ್ಟಡಕ್ಕೆ. ಕೇಂದ್ರ ನಡೆಸಲು ಉಳಿದದ್ದು 50 ಕೋಟಿ. ಆ ವಯಸ್ಸಿನ ಮಕ್ಕಳು ಎರಡು ಲಕ್ಷ. ಒಂದು ಮಗುವಿಗೆ ವರ್ಷಕ್ಕೆ 2,500, ತಿಂಗಳಿಗೆ 208. ಇಷ್ಟರಲ್ಲಿ ಒಂದು ಮಗುವನ್ನು ತಿಂಗಳಿಡೀ ನೋಡಿಕೊಳ್ಳಲು ಆದೀತೇ ಎಂದು ಯಾರನ್ನಾದರೂ ಕೇಳಿ. ಅಥವಾ ತಿರುಗಿಸಿ ನೋಡಿ: ಒಂದು ಒಳ್ಳೆಯ ಸೀಟಿಗೆ ತಿಂಗಳಿಗೆ ಇಷ್ಟು ಬೇಕು ಎಂದಾದರೆ ಈ ಹಣಕ್ಕೆ ಎಷ್ಟು ಸೀಟು ಬರುತ್ತದೆ? ಎರಡು ಲಕ್ಷ ಮಕ್ಕಳಲ್ಲಿ ಎಷ್ಟು ಮಂದಿಗೆ ಬಾಗಿಲು ತೆರೆಯುತ್ತದೆ?

ಈ ಲೆಕ್ಕಕ್ಕೆ ಹಾಕುವ ಅಂಕಿ ಘೋಷಣೆಯದಾಗಿರಬಾರದು, ಖರ್ಚಾದದ್ದಾಗಿರಬೇಕು. ಬಜೆಟ್ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವ ವೆಚ್ಚ ಎಂಬ ಮೂರು ಕಾಲಂ ಇರುತ್ತವೆ. ಓದಲು ಬೇಸರದ ಪುಸ್ತಕ, ಒಪ್ಪುತ್ತೇನೆ. ಆದರೆ ಎರಡು ವರ್ಷ ಹಿಂದಿನ ‘ವಾಸ್ತವ’ ಕಾಲಂ ಮಂತ್ರಿಗಳ ಭಾಷಣಕ್ಕಿಂತ ಹೆಚ್ಚು ನಿಜ ಹೇಳುತ್ತದೆ.

ಹಣಕ್ಕೆ ಮುಗಿಯುವ ದಿನಾಂಕ ಇದೆಯೇ ಎಂದೂ ನೋಡಿ. ಅಮೆರಿಕದಲ್ಲಿ 2021ರಲ್ಲಿ, ಕೋವಿಡ್ ಹೊಡೆತಕ್ಕೆ ಸಿಕ್ಕ ಕೇಂದ್ರಗಳನ್ನು ಉಳಿಸಲು 2,400 ಕೋಟಿ ಡಾಲರ್ ಕೊಟ್ಟರು. ಕೇಂದ್ರಗಳು ಆ ಹಣದಿಂದ ಬಾಡಿಗೆ ಕಟ್ಟಿದವು, ಸಿಬ್ಬಂದಿಗೆ ಹೆಚ್ಚು ಸಂಬಳ ಕೊಟ್ಟವು. 2023ರ ಸೆಪ್ಟೆಂಬರ್ 30ಕ್ಕೆ ಅವಧಿ ಮುಗಿಯಿತು. ಬಾಡಿಗೆ, ಸಂಬಳ ಮುಗಿಯಲಿಲ್ಲ.

ದೇಶದ ಮಟ್ಟದಲ್ಲಿ ಹೋಲಿಸಲು ಒಂದು ಅಳತೆಗೋಲು ಬೇಕಿದ್ದರೆ, ಯುನಿಸೆಫ್‌ನ ಸಂಶೋಧನಾ ಕೇಂದ್ರ 2008ರಲ್ಲಿ ಎಳೆಯ ಮಕ್ಕಳ ಸೇವೆಗಳಿಗೆ ದೇಶದ ಒಟ್ಟು ಉತ್ಪನ್ನದ ಶೇ 1ರಷ್ಟಾದರೂ ಇರಬೇಕು ಎಂಬ ಗೆರೆ ಎಳೆದಿತ್ತು. ಸ್ವೀಡನ್, ಐಸ್‌ಲ್ಯಾಂಡ್‌ಗಳು ಅದನ್ನು ದಾಟಿ ಬಹಳ ಕಾಲವಾಗಿದೆ. ಬಹಳಷ್ಟು ಶ್ರೀಮಂತ ದೇಶಗಳೇ ಇನ್ನೂ ಮುಟ್ಟಿಲ್ಲ.

ಹೆಜ್ಜೆ 3: ಸೀಟು ಎಣಿಸಿ

ಶುಲ್ಕ ಕಡಿಮೆ ಮಾಡುವುದು ಸುಲಭ, ಒಂದು ಆದೇಶದಲ್ಲಿ ಆಗುವ ಕೆಲಸ. ಸೀಟು ಹೆಚ್ಚಿಸಲು ವರ್ಷಗಳು ಬೇಕು. ಕೆನಡಾದ ಕ್ವಿಬೆಕ್ ಪ್ರಾಂತ್ಯ 1997ರಲ್ಲಿ ದಿನಕ್ಕೆ 5 ಡಾಲರ್ ಶುಲ್ಕದ ಪಾಲನೆಯನ್ನು ಆರಂಭಿಸಿತು. ಸಣ್ಣ ಮಕ್ಕಳಿರುವ ತಾಯಂದಿರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಹೋದರು. ಈ ವಿಷಯದಲ್ಲಿ ಜಗತ್ತು ಹೆಚ್ಚು ಉದಾಹರಿಸುವ ಯಶಸ್ಸು ಅದು. ಜೊತೆಗೇ ಕಾಯುವ ಪಟ್ಟಿಯೂ ಬೆಳೆಯಿತು. ಪಟ್ಟಿಯಲ್ಲಿ ಹೆಸರು ಬರೆಸಲು, ಫೋನ್ ಮಾಡಿ ಬೆನ್ನುಹತ್ತಲು ಪುರುಸೊತ್ತೂ ತಿಳಿವಳಿಕೆಯೂ ಇದ್ದವರು ಒಳ್ಳೆಯ ಕೇಂದ್ರಗಳ ಸೀಟು ಪಡೆದರು. ಬಡ ಮನೆಯ ಮಕ್ಕಳು ಅವುಗಳಲ್ಲಿ ಕಡಿಮೆಯೇ ಕಂಡರು. ಅಗ್ಗ ಎಂದ ಮಾತ್ರಕ್ಕೆ ಬಡವರಿಗೆ ಸಿಗುತ್ತದೆ ಎಂದಲ್ಲ.

2021ರಲ್ಲಿ ಇಡೀ ಕೆನಡಾ ಇದೇ ದಾರಿ ಹಿಡಿಯಿತು. ಐದು ವರ್ಷಗಳಿಗೆ 3,000 ಕೋಟಿ ಕೆನಡಿಯನ್ ಡಾಲರ್‌ವರೆಗೆ ಹಣ, ದಿನಕ್ಕೆ ಸರಾಸರಿ 10 ಡಾಲರ್ ಶುಲ್ಕದ ಗುರಿ. ಶುಲ್ಕ ನಿಜಕ್ಕೂ ಇಳಿಯಿತು. ಆದರೆ 2023ರ ಒಂದು ಅಧ್ಯಯನದ ಪ್ರಕಾರ ಶಾಲೆಗೆ ಸೇರದ ವಯಸ್ಸಿನ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ‘ಪಾಲನೆಯ ಮರುಭೂಮಿ’ಯಲ್ಲೇ ಇದ್ದರು.

ಈ ಮರುಭೂಮಿ ಎಂಬ ಪದವನ್ನು ಹಿಡಿದುಕೊಳ್ಳಿ, ಅದರ ಅಳತೆ ಬಹಳ ಸರಳ. ಒಂದು ಪ್ರದೇಶದ ಮಕ್ಕಳ ಸಂಖ್ಯೆಯನ್ನು ಅಲ್ಲಿನ ಅನುಮತಿ ಪಡೆದ ಸೀಟುಗಳಿಂದ ಭಾಗಿಸಿ. ಒಂದು ಸೀಟಿಗೆ ಮೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಅದು ಮರುಭೂಮಿ. ನಿಮ್ಮ ಪ್ರದೇಶಕ್ಕೂ ಒಂದು ಸಂಜೆಯಲ್ಲಿ ಈ ಲೆಕ್ಕ ಮಾಡಬಹುದು. ಮೂರು ವರ್ಷದೊಳಗಿನವರದ್ದನ್ನು ಮಾತ್ರ ಬೇರೆಯಾಗಿಯೇ ಮಾಡಿ. ಮೂರರಿಂದ ಆರರ ಮಕ್ಕಳಿಗೆ ಹೆಚ್ಚಿನ ಕಡೆ ಏನಾದರೊಂದು ಇರುತ್ತದೆ, ಎದೆಹಾಲು ಬಿಡುವ ಹೊತ್ತಿನ ಕೂಸುಗಳಿಗೇ ಜಾಗ ಇರುವುದಿಲ್ಲ. ಎರಡನ್ನೂ ಕೂಡಿಸಿದರೆ ಆ ಕೊರತೆ ಮುಚ್ಚಿಹೋಗುತ್ತದೆ.

ಸೀಟು ಸಿಕ್ಕರೆ ಏನಾಗುತ್ತದೆ? ರಿಯೊ ಡಿ ಜನೈರೊ ನಗರ 2007ರಲ್ಲಿ ಬಡ ಪ್ರದೇಶಗಳ ಸರ್ಕಾರಿ ಶಿಶುಕೇಂದ್ರಗಳ ಸೀಟುಗಳನ್ನು ಲಾಟರಿ ಎತ್ತಿ ಹಂಚಿತು, ಅರ್ಜಿಗಳು ಅಷ್ಟಿದ್ದವು. ಹಾಗಾಗಿ ಸಿಕ್ಕವರನ್ನೂ ಸಿಗದವರನ್ನೂ ಪಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಯಿತು. ಸೀಟು ಸಿಗದವರಲ್ಲಿ ಶೇ 36ರಷ್ಟು ತಾಯಂದಿರು ಕೆಲಸದಲ್ಲಿದ್ದರೆ, ಸಿಕ್ಕವರಲ್ಲಿ ಶೇ 46.

ಹೆಜ್ಜೆ 4: ಗಡಿಯಾರ

ಯೋಜನೆಗಳು ಹೆಚ್ಚಾಗಿ ಸೋಲುವುದು ಇಲ್ಲಿ, ಯಾರ ಗಮನಕ್ಕೂ ಬಾರದ ಹಾಗೆ.

ಇಂಗ್ಲೆಂಡಿನಲ್ಲಿ ದುಡಿಯುವ ಪೋಷಕರ ಮಕ್ಕಳಿಗೆ ವಾರಕ್ಕೆ 30 ಗಂಟೆ ಉಚಿತ ಪಾಲನೆ ಇದೆ. 2025ರ ಸೆಪ್ಟೆಂಬರ್‌ನಿಂದ ಒಂಬತ್ತು ತಿಂಗಳ ಕೂಸಿಗೂ ಸಿಗುತ್ತದೆ. ದೊಡ್ಡ ಹೆಜ್ಜೆಯೇ ಸರಿ. ಆದರೆ ಆ 30 ಗಂಟೆ ವರ್ಷದ 38 ವಾರಗಳಿಗೆ ಮಾತ್ರ, ಶಾಲೆ ನಡೆಯುವಷ್ಟು ವಾರಗಳಿಗೆ. ಗುಣಿಸಿದರೆ 1,140 ಗಂಟೆ. ಅದನ್ನು 52 ವಾರಕ್ಕೆ ಹಂಚಿದರೆ ವಾರಕ್ಕೆ 22 ಗಂಟೆಯೂ ತುಂಬುವುದಿಲ್ಲ. ವಾರಕ್ಕೆ 40 ಗಂಟೆ ದುಡಿದು, ಮೇಲೆ ಪ್ರಯಾಣಕ್ಕೆ ಐದಾರು ಗಂಟೆ ಕಳೆಯುವವರು ಉಳಿದ ಅರ್ಧವನ್ನು ಎಲ್ಲಿಂದ ತರಬೇಕು?

ನಿಮ್ಮ ಮುಂದಿರುವ ಯೋಜನೆಗೂ ಇದೇ ಗುಣಾಕಾರ ಮಾಡಿ. ದಿನಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ದಿನ. ಆಮೇಲೆ ನಾಲ್ಕೈದು ತಾಯಂದಿರನ್ನು ಕೇಳಿ, ಅವರು ಮನೆ ಬಿಡುವ ಹೊತ್ತು ಮತ್ತು ಮರಳುವ ಹೊತ್ತು ಬರೆದುಕೊಳ್ಳಿ. ಎರಡನ್ನೂ ಒಂದೇ ಗೆರೆಯ ಮೇಲೆ ಗುರುತಿಸಿ. ಮನೆಗೆಲಸದವರು, ಆಸ್ಪತ್ರೆಯ ಆಯಾಗಳು, ಕಸ ಗುಡಿಸುವವರು, ಪಾಳಿಯ ಮೇಲೆ ದುಡಿಯುವವರು ಕಡಿಮೆ ಆದಾಯದವರಲ್ಲೇ ಹೆಚ್ಚು. ಕೇಂದ್ರದ ವೇಳೆಯೋ ಹೆಚ್ಚಿನ ಕಡೆ ಕಚೇರಿ ನೌಕರರ ದಿನಚರಿಗೆ ಹೊಂದಿಸಿದ್ದು. ಬಡವರಿಗಾಗಿ ಎಂದು ಹೆಸರಿಟ್ಟ ಕೇಂದ್ರದಲ್ಲಿ ಬಡವರ ಮಕ್ಕಳೇ ಇಲ್ಲ, ಜನರಿಗೆ ಅರಿವಿಲ್ಲ ಎಂದು ಅಧಿಕಾರಿಗಳು ಹೇಳಿದರೆ ಮೊದಲು ಬಾಗಿಲ ಮೇಲಿನ ಸಮಯದ ಬೋರ್ಡು ನೋಡಿ. ಬಹಳ ಸಲ ಜನರಿಗೆ ಅರಿವಿರುತ್ತದೆ, ಬೋರ್ಡಿಗೆ ಇರುವುದಿಲ್ಲ.

ದೂರವೂ ಹೊತ್ತಿನ ಲೆಕ್ಕವೇ. ಎತ್ತಿಕೊಂಡ ಮಗುವಿನೊಂದಿಗೆ ಅರ್ಧ ಗಂಟೆ ನಡೆದು ಬಿಟ್ಟು, ಅಲ್ಲಿಂದ ಕೆಲಸಕ್ಕೆ ಹೋಗುವುದನ್ನು ಒಂದು ವಾರ ಮಾಡಬಹುದು, ಒಂದು ವರ್ಷ ಆಗದು.

ಹೆಜ್ಜೆ 5: ಯಾರು ಒಳಗೆ, ಯಾರು ಹೊರಗೆ

ಅರ್ಹತೆಯ ನಿಯಮಗಳನ್ನು ಬಿಡಿಸಿ ಓದಿ. ಇಂಗ್ಲೆಂಡಿನ ಆ 30 ಗಂಟೆಯನ್ನೇ ನೋಡಿ: ಕನಿಷ್ಠ ಕೂಲಿಯ ದರದಲ್ಲಿ ವಾರಕ್ಕೆ 16 ಗಂಟೆ ದುಡಿದಷ್ಟು ಆದಾಯ ಇರಬೇಕು. ಕೆಲಸ ಹುಡುಕುತ್ತಿರುವ ತಾಯಿಗೆ ಸಿಗದು, ಚೆನ್ನಾಗಿ ಗಳಿಸುವ ದಂಪತಿಗೆ ಸಿಗುತ್ತದೆ. ಕೆಲಸ ಇದ್ದರೆ ಸೀಟು, ಸೀಟು ಇದ್ದರೆ ಕೆಲಸ: ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ನಮ್ಮ ಗಾದೆ ನೆನಪಾಗದೆ ಇರದು.

ಅಮೆರಿಕದಲ್ಲಿ ಕಡಿಮೆ ಆದಾಯದವರ ಪಾಲನಾ ನೆರವಿಗೆ ಕಾನೂನಿನ ಪ್ರಕಾರ ಅರ್ಹರಾದ ಮಕ್ಕಳಲ್ಲಿ ಸುಮಾರು ಆರರಲ್ಲಿ ಒಬ್ಬರಿಗಷ್ಟೇ ಅದು ತಲುಪುತ್ತದೆ. ಹಣವೇ ಅಷ್ಟು. ಆದ್ದರಿಂದ ‘ಅರ್ಹರು ಎಷ್ಟು’ ಎಂಬ ಅಂಕಿ ಕೊಟ್ಟರೆ ‘ಪಡೆದವರು ಎಷ್ಟು’ ಎಂದು ಮರುಪ್ರಶ್ನೆ ಹಾಕಿ.

ಆದಾಯ ಮಿತಿ ಇರುವ ಕಡೆ ಒಂದು ಹಳ್ಳ ಇರುತ್ತದೆ. ಮನೆಯ ಆದಾಯ 100, ಮಿತಿಯೂ 100 ಎಂದಿಟ್ಟುಕೊಳ್ಳಿ. ಪೂರ್ಣ ಶುಲ್ಕ 30. ನೆರವು ಇರುವುದರಿಂದ ಕಟ್ಟುವುದು 5. ಕೈಯಲ್ಲಿ 95 ಉಳಿಯುತ್ತದೆ. ಸಂಬಳ ತುಸು ಏರಿ ಆದಾಯ 104 ಆಯಿತು. ಮಿತಿ ದಾಟಿದ್ದರಿಂದ ನೆರವು ನಿಂತಿತು, ಈಗ ಪೂರ್ತಿ 30 ಕಟ್ಟಬೇಕು. ಕೈಗೆ ಉಳಿದದ್ದು 74. ನಾಲ್ಕು ಹೆಚ್ಚು ಗಳಿಸಿ ಇಪ್ಪತ್ತೊಂದು ಕಳೆದುಕೊಂಡಂತಾಯಿತು. ಬಡ್ತಿ ಬೇಡ ಎನ್ನುವ, ಹೆಚ್ಚುವರಿ ಪಾಳಿ ನಿರಾಕರಿಸುವ ತಾಯಿಯನ್ನು ಸೋಮಾರಿ ಎನ್ನುವ ಮೊದಲು ಈ ಲೆಕ್ಕ ಮಾಡಬೇಕು.

ಹಳ್ಳವನ್ನು ಇಳಿಜಾರು ಮಾಡಲು ಬರುತ್ತದೆ. ಸ್ವೀಡನ್ 2002ರಲ್ಲಿ ತಂದ ಪದ್ಧತಿಯಲ್ಲಿ ಮೊದಲ ಮಗುವಿಗೆ ಮನೆಯ ಆದಾಯದ ಶೇ 3, ಎರಡನೆಯದಕ್ಕೆ ಶೇ 2, ಮೂರನೆಯದಕ್ಕೆ ಶೇ 1, ನಾಲ್ಕನೆಯದಕ್ಕೆ ಏನೂ ಇಲ್ಲ. ಎಷ್ಟೇ ಗಳಿಸಿದರೂ ಒಂದು ಗರಿಷ್ಠ ಮೊತ್ತ ದಾಟುವುದಿಲ್ಲ. ಆದಾಯ ಏರಿದರೆ ಶುಲ್ಕವೂ ಮೆಲ್ಲಗೆ ಏರುತ್ತದೆ, ಧೊಪ್ಪೆಂದು ಬೀಳಿಸುವುದಿಲ್ಲ. ಡೆನ್ಮಾರ್ಕಿನಲ್ಲಿ ಪೋಷಕರ ಪಾಲು ಕೇಂದ್ರ ನಡೆಸುವ ವೆಚ್ಚದ ಶೇ 25ನ್ನು ಮೀರುವಂತಿಲ್ಲ, ಬಡವರಿಗೆ ಅದೂ ಮಾಫಿ.

ಅರ್ಜಿಗೆ ಕೇಳುವ ಕಾಗದಗಳನ್ನೂ ಎಣಿಸಿ. ದಿನಗೂಲಿಯವಳು ಸಂಬಳದ ಚೀಟಿ ಎಲ್ಲಿಂದ ತರಬೇಕು? ವಲಸೆ ಬಂದವಳು ವಿಳಾಸದ ಪುರಾವೆ ಎಲ್ಲಿಂದ ತರಬೇಕು?

ಹೆಜ್ಜೆ 6: ಮಗುವನ್ನು ಎತ್ತಿಕೊಳ್ಳುವವರ ಸಂಬಳ ಕೇಳಿ

ಸಮಯ ಇಲ್ಲ, ಒಂದೇ ಪ್ರಶ್ನೆ ಕೇಳುತ್ತೇನೆ ಎನ್ನುವವರು ಇದನ್ನೇ ಕೇಳಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಕೂಸುಗಳನ್ನು ಮೂರು ನಾಲ್ಕರ ಮೇಲೆ ಒಬ್ಬರು ನೋಡಿಕೊಳ್ಳಲಾಗದು. ಇಂಗ್ಲೆಂಡಿನ ನಿಯಮದಲ್ಲಿ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು. ಎರಡು ವರ್ಷದವರಿಗೆ ಇದ್ದ ನಾಲ್ಕಕ್ಕೊಬ್ಬರು ಎಂಬುದನ್ನು 2023ರಲ್ಲಿ ಐದಕ್ಕೆ ಸಡಿಲಿಸಿದರು. ಮೂವರು ಕೂಸುಗಳನ್ನು ಒಟ್ಟಿಗೆ ಮಲಗಿಸಿ ನೋಡಿದವರಿಗೆ ಈ ಅಂಕಿಗಳ ವಿವರಣೆ ಬೇಕಿಲ್ಲ.

ಈಗ ಲೆಕ್ಕ. ನಾಲ್ಕು ಮಕ್ಕಳಿಗೆ ಒಬ್ಬ ಪಾಲಕಿ, ಅವಳ ತಿಂಗಳ ಸಂಬಳ 40 ಎನ್ನಿ. ಕೇಂದ್ರ ಹತ್ತು ಗಂಟೆ ತೆರೆದಿರುತ್ತದೆ, ಅವಳು ದುಡಿಯುವುದು ಎಂಟು ಗಂಟೆ. ಆದ್ದರಿಂದ ಒಂದೂಕಾಲು ಜನರ ಸಂಬಳ, 50. ನಾಲ್ಕರಿಂದ ಭಾಗಿಸಿದರೆ ಮಗುವಿಗೆ 12.5, ಬರೀ ಸಂಬಳಕ್ಕೆ. ಬಾಡಿಗೆ, ಊಟ, ಅಡುಗೆಯವರು, ರಜೆಯಲ್ಲಿ ಬದಲಿಗೆ ಬರುವವರು ಸೇರಿ ಇನ್ನೂ ಅಷ್ಟೇ ಆಯಿತು ಎಂದರೆ 25. ತಾಯಿಯ ಸಂಬಳ 50 ಇದ್ದರೆ ಒಂದು ಮಗುವಿಗೇ ಅರ್ಧ ಹೋಯಿತು. ಎರಡು ಮಕ್ಕಳಿದ್ದರೆ ದುಡಿಯುವುದರಲ್ಲಿ ಅರ್ಥವೇ ಉಳಿಯಲಿಲ್ಲ.

ಇಲ್ಲಿ ಯಾರೂ ಕೊಳ್ಳೆ ಹೊಡೆದಿಲ್ಲ ಎಂಬುದನ್ನು ಗಮನಿಸಿ. ಲಾಭ ಸೊನ್ನೆ, ಪಾಲಕಿಯ ಸಂಬಳ ತಾಯಿಯದಕ್ಕಿಂತ ಕಡಿಮೆ, ಆದರೂ ಬಡ ತಾಯಿಗೆ ಎಟುಕುತ್ತಿಲ್ಲ. ಯಂತ್ರ ತಂದು, ಚಾಣಾಕ್ಷತನ ತೋರಿ ಇಳಿಸಬಹುದಾದ ವೆಚ್ಚ ಇದಲ್ಲ; ಒಬ್ಬಳ ಎರಡು ಕೈಗೆ ಎಂಟು ಮಕ್ಕಳನ್ನು ಕೊಡುವುದೊಂದೇ ಉಳಿತಾಯದ ದಾರಿ. ಹಾಗಾಗಿ ತಾಯಿ ಕೊಡಲಾಗದ್ದನ್ನು ಸರ್ಕಾರ ತುಂಬಿಕೊಡಬೇಕು, ಇಲ್ಲವಾದರೆ ಪಾಲಕಿ ಕಡಿಮೆ ಸಂಬಳದ ರೂಪದಲ್ಲಿ ತುಂಬುತ್ತಾಳೆ. ಇವೆರಡೂ ಆಗದಿದ್ದರೆ ಮಗುವಿಗೆ ಸಿಗಬೇಕಾದ ಗಮನ ಕಡಿಮೆಯಾಗುತ್ತದೆ. ಶಿಶುಪಾಲನೆಗೆ ಸಾರ್ವಜನಿಕ ಹಣ ಯಾಕೆ ಎಂದು ಕೇಳುವವರಿಗೆ ನಾನು ಭಾವುಕ ಮಾತು ಹೇಳುವುದಿಲ್ಲ, ಈ ಭಾಗಾಕಾರ ತೋರಿಸುತ್ತೇನೆ.

ಬಹಳ ದೇಶಗಳು ಆರಿಸಿಕೊಂಡದ್ದು ಪಾಲಕಿಯರ ಜೇಬನ್ನೇ. ಕೊಲಂಬಿಯಾದಲ್ಲಿ 1986ರಿಂದ ‘ಸಮುದಾಯದ ತಾಯಂದಿರು’ ತಮ್ಮ ಮನೆಗಳಲ್ಲೇ ಬಡ ಮಕ್ಕಳನ್ನು ನೋಡಿಕೊಂಡರು. ಅವರಿಗೆ ನೌಕರರೆಂಬ ಕರಾರು, ಕನಿಷ್ಠ ವೇತನ ಸಿಕ್ಕಿದ್ದು 2014ರಲ್ಲಿ. ಭಾರತದಲ್ಲಿ 1975ರ ಅಕ್ಟೋಬರ್ 2ರಂದು 33 ಬ್ಲಾಕ್‌ಗಳಲ್ಲಿ ಆರಂಭವಾದ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಸೇವೆ) ಯೋಜನೆಯ ಅಂಗನವಾಡಿ ಕಾರ್ಯಕರ್ತೆಯರು ಇಂದಿಗೂ ಪಡೆಯುವುದು ‘ಗೌರವಧನ’. ಅವರಿಗೆ ಗ್ರಾಚ್ಯುಟಿಯ, ಅಂದರೆ ಸೇವೆ ಮುಗಿದಾಗ ಸಿಗುವ ಇಡಿಗಂಟಿನ ಹಕ್ಕಿದೆ ಎಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. ಗೌರವ ಎಂಬ ಪದ ಸಂಬಳದ ಜಾಗದಲ್ಲಿ ಕುಳಿತರೆ ಅನುಮಾನ ಪಡುವುದು ಒಳ್ಳೆಯದು.

ಕೇಂದ್ರಕ್ಕೆ ಹೋದಾಗ ಪಾಲಕಿಯರನ್ನು ಮೂರು ವಿಷಯ ಕೇಳಿ: ಇಲ್ಲಿಗೆ ಬಂದು ಎಷ್ಟು ಕಾಲವಾಯಿತು, ಕಳೆದ ವರ್ಷ ಎಷ್ಟು ಮಂದಿ ಬಿಟ್ಟು ಹೋದರು, ಹೋದ ತಿಂಗಳ ಹಣ ಯಾವ ದಿನ ಬಂತು. ಮೂರು ತಿಂಗಳಿಗೊಮ್ಮೆ ಮುಖ ಬದಲಾಗುವ ಕಡೆ ಗೋಡೆಗೆ ಎಷ್ಟು ಚಿತ್ರ ಬರೆಸಿದರೂ ಪ್ರಯೋಜನ ಅಷ್ಟಕ್ಕಷ್ಟೆ.

ಇಲ್ಲಿ ಒಂದು ಎಚ್ಚರಿಕೆ. ಮಕ್ಕಳ ಮೇಲೆ ಹಾಕಿದ ಹಣ ಹಲವು ಪಟ್ಟು ಮರಳುತ್ತದೆ ಎಂಬ ಮಾತು ಎಲ್ಲ ಭಾಷಣಗಳಲ್ಲೂ ಬರುತ್ತದೆ. ಅದರ ಬೇರು ಅಮೆರಿಕದ ಮಿಷಿಗನ್‌ನಲ್ಲಿ 1962ರಿಂದ 67ರವರೆಗೆ ನಡೆದ ಪೆರ್ರಿ ಶಾಲಾಪೂರ್ವ ಪ್ರಯೋಗದಂಥವುಗಳಲ್ಲಿದೆ. ಅಲ್ಲಿದ್ದದ್ದು ಒಟ್ಟು 123 ಮಕ್ಕಳು, ಅವರಲ್ಲಿ ಆ ಶಾಲೆಗೆ ಹೋದವರು 58. ತರಬೇತಾದ ಶಿಕ್ಷಕರು, ವಾರವಾರವೂ ಮನೆಭೇಟಿ. ಜಮೈಕಾದಲ್ಲಿ 1986-87ರಲ್ಲಿ ಬೆಳವಣಿಗೆ ಕುಂಠಿತಗೊಂಡ ಮಕ್ಕಳ ಮನೆಗೆ ಎರಡು ವರ್ಷ ವಾರಕ್ಕೊಮ್ಮೆ ಹೋಗಿ ಆಟವಾಡಿಸಿದರು, ತಾಯಿಗೂ ಕಲಿಸಿದರು. 22ನೇ ವಯಸ್ಸಿಗೆ ಆ ಮಕ್ಕಳ ಗಳಿಕೆ ಹೋಲಿಕೆಯ ಗುಂಪಿಗಿಂತ ಶೇ 25ರಷ್ಟು ಹೆಚ್ಚಿತ್ತು. ನಿಜವಾದ, ಬೆಲೆಬಾಳುವ ಫಲಿತಾಂಶಗಳು. ಆದರೆ ಆ ಫಲಿತಾಂಶ ತೋರಿಸಿ ಒಬ್ಬಳಿಗೆ ಮೂವತ್ತು ಮಕ್ಕಳನ್ನು ಒಪ್ಪಿಸುವ ಅಗ್ಗದ ಯೋಜನೆ ಮಾರುವುದು ಮೋಸ. ಕ್ವಿಬೆಕ್‌ನಲ್ಲೂ ವಿಸ್ತರಣೆ ಅವಸರದಲ್ಲಿ ನಡೆದು, ಮಕ್ಕಳ ಆತಂಕ, ಜಗಳಗಂಟಿತನ ಹೆಚ್ಚಾದದ್ದನ್ನು ಅರ್ಥಶಾಸ್ತ್ರಜ್ಞರು ದಾಖಲಿಸಿದ್ದಾರೆ.

ಹೆಜ್ಜೆ 7: ಒಳಗೆ ಹೋಗಿ ಬಾಗಿಲು ಎಣಿಸಿ

2009ರ ಜೂನ್ 5ರಂದು ಮೆಕ್ಸಿಕೊದ ಎರ್ಮೊಸಿಯೊ ನಗರದಲ್ಲಿ, ಗೋದಾಮನ್ನು ಬದಲಿಸಿ ಮಾಡಿದ್ದ ಶಿಶುಕೇಂದ್ರಕ್ಕೆ ಪಕ್ಕದ ಸರ್ಕಾರಿ ದಾಸ್ತಾನು ಕೊಠಡಿಯಿಂದ ಬೆಂಕಿ ಹಬ್ಬಿ 49 ಮಕ್ಕಳು ಸತ್ತರು. ಹೊರಬರಲು ತಕ್ಕ ದಾರಿಗಳಿರಲಿಲ್ಲ. ಅದು ಸರ್ಕಾರದ ಹಣದಲ್ಲೇ, ಗುತ್ತಿಗೆಯ ಮೇಲೆ ನಡೆಯುತ್ತಿದ್ದ ಕೇಂದ್ರ.

ಎರಡನೇ ಬಾಗಿಲು ಇದೆಯೇ, ಬೀಗ ಹಾಕಿದೆಯೇ, ಅಡುಗೆ ಒಲೆ ಎಲ್ಲಿದೆ, ಶೌಚಾಲಯದಲ್ಲಿ ನೀರಿದೆಯೇ, ಮಗುವನ್ನು ಕರೆದೊಯ್ಯಲು ಬಂದವರನ್ನು ಯಾರು ಗುರುತಿಸುತ್ತಾರೆ. ಹೇಳದೆ ಹೋಗಿ, ಬೇರೆ ಬೇರೆ ಹೊತ್ತಿನಲ್ಲಿ ಎರಡು ಸಲ.

ಹೆಜ್ಜೆ 8: ನಗದು ನೆರವನ್ನು ಎದುರಾಳಿ ಮಾಡಬೇಡಿ

ಸೀಟು ಕೊಟ್ಟರೆ ಸಾಕು, ನಗದು ಯಾಕೆ ಎನ್ನುವವರೂ ಇದ್ದಾರೆ, ನಗದು ಕೊಟ್ಟಿದ್ದೇವಲ್ಲ ಎಂದು ಸೀಟಿನಿಂದ ಜಾರಿಕೊಳ್ಳುವವರೂ ಇದ್ದಾರೆ. ಅಮೆರಿಕ 2021ರಲ್ಲಿ ಒಂದು ವರ್ಷದ ಮಟ್ಟಿಗೆ ಆರು ವರ್ಷದೊಳಗಿನ ಪ್ರತಿ ಮಗುವಿಗೆ 3,600 ಡಾಲರ್‌ವರೆಗೆ, ಅದಕ್ಕಿಂತ ದೊಡ್ಡ ಮಕ್ಕಳಿಗೆ 3,000 ಡಾಲರ್‌ವರೆಗೆ ಕೊಟ್ಟಿತು. ಆದಾಯವೇ ಇಲ್ಲದ ಮನೆಗಳಿಗೂ ಸಿಕ್ಕಿತು. ತೆರಿಗೆ, ಸರ್ಕಾರಿ ನೆರವನ್ನೂ ಲೆಕ್ಕಕ್ಕೆ ಹಿಡಿಯುವ, ಅಲ್ಲಿನ ಜನಗಣತಿ ಇಲಾಖೆಯ ಪೂರಕ ಅಳತೆಯಲ್ಲಿ ಮಕ್ಕಳ ಬಡತನ ಆ ವರ್ಷ ಶೇ 5.2ಕ್ಕೆ ಇಳಿಯಿತು. ಯೋಜನೆ ನಿಂತ ಮರುವರ್ಷ ಶೇ 12.4. ಬಾಡಿಗೆ, ಔಷಧಿ, ಚಪ್ಪಲಿಗೆ ನಗದೇ ಬೇಕು. ಹಸಿದ ಮನೆಯಿಂದ ಬಂದ ಮಗು ಎಷ್ಟು ಒಳ್ಳೆಯ ಕೇಂದ್ರದಲ್ಲೂ ಅಳುತ್ತದೆ.

ನಗದು ಕೇಡಾಗುವುದು ಒಂದೇ ಸಂದರ್ಭದಲ್ಲಿ: ಸೀಟು ಬಿಟ್ಟುಕೊಟ್ಟರೆ ಮಾತ್ರ ಕೊಡುತ್ತೇವೆ ಎಂದಾಗ. ನಾರ್ವೆ 1998ರಲ್ಲಿ ಸರ್ಕಾರಿ ನೆರವಿನ ಕೇಂದ್ರಕ್ಕೆ ಮಗುವನ್ನು ಕಳಿಸದವರಿಗೆ ನಗದು ಕೊಡತೊಡಗಿತು. ತಾಯಂದಿರು ಕೆಲಸದಿಂದ ಹಿಂದೆ ಸರಿದರು, ವಲಸೆ ಕುಟುಂಬಗಳ ಮಕ್ಕಳು ಕೇಂದ್ರಗಳಿಂದ ದೂರ ಉಳಿದರು.

ಹೆಜ್ಜೆ 9: ಇದು ಯೋಜನೆಯೋ, ಹಕ್ಕೋ

ಯೋಜನೆಯನ್ನು ಮುಂದಿನ ಸರ್ಕಾರ ರದ್ದು ಮಾಡಬಹುದು, ಹಕ್ಕನ್ನು ಅಷ್ಟು ಸುಲಭವಾಗಿ ಆಗದು. ಜರ್ಮನಿಯಲ್ಲಿ 2013ರ ಆಗಸ್ಟ್ 1ರಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಪಾಲನೆಯ ಸೀಟು ಕಾನೂನಿನ ಹಕ್ಕು. ಸೀಟು ಸಿಗದೆ ಕೆಲಸಕ್ಕೆ ಮರಳುವುದು ತಡವಾದ ಲೈಪ್‌ಜಿಗ್‌ನ ಮೂವರು ತಾಯಂದಿರು ಕೋರ್ಟಿಗೆ ಹೋದರು. ಸ್ಥಳೀಯ ಆಡಳಿತದ ತಪ್ಪಿನಿಂದ ಸೀಟು ಸಿಗದಿದ್ದರೆ ಕಳೆದುಕೊಂಡ ಸಂಬಳಕ್ಕೆ ಪರಿಹಾರ ಕೇಳಬಹುದು ಎಂದು ಅಲ್ಲಿನ ಫೆಡರಲ್ ನ್ಯಾಯಾಲಯ 2016ರಲ್ಲಿ ಹೇಳಿತು. ಭಾರತದಲ್ಲಿ ಆಹಾರದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಡಿಸೆಂಬರ್‌ನಲ್ಲಿ, ಆರು ವರ್ಷದೊಳಗಿನ 40 ಮಕ್ಕಳಿರುವ ಜನವಸತಿ ಬೇಡಿಕೆ ಇಟ್ಟರೆ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕು ಎಂದು ಆದೇಶಿಸಿತು. ನೀವಿರುವ ಕಡೆ ಇಂಥ ಕಾನೂನು ಅಥವಾ ಆದೇಶ ಯಾವುದಿದೆ ಎಂದು ಮೊದಲು ಹುಡುಕಿ, ಅದರ ಸಂಖ್ಯೆ, ದಿನಾಂಕ ಬರೆದಿಟ್ಟುಕೊಳ್ಳಿ. ಮನವಿ ಎಂದರೆ ಟೇಬಲ್ ಮೇಲೆ ಉಳಿಯುವ ಕಾಗದ, ಆದೇಶ ಸಂಖ್ಯೆ ನಮೂದಿಸಿದರೆ ಫೈಲ್ ಆಗುತ್ತದೆ.

ಹೆಜ್ಜೆ 10: ಒಂದು ಹಾಳೆ

ಇಷ್ಟೂ ಆದ ಮೇಲೆ ಬರೆಯಬೇಕಾದ್ದು ಒಂದೇ ಹಾಳೆ. ಮನೆಮನೆಗೆ ಹೋಗಿ, ಪ್ರತಿ ಮನೆಗೆ ಐದು ಅಂಕಣ ತುಂಬಿಸಿ: ಮೂರು ವರ್ಷದೊಳಗಿನ ಮಕ್ಕಳು, ಮೂರರಿಂದ ಆರರವರು, ತಾಯಿ ಮನೆ ಬಿಡುವ ಹೊತ್ತು, ಮರಳುವ ಹೊತ್ತು, ಈಗ ಮಗುವನ್ನು ನೋಡಿಕೊಳ್ಳುತ್ತಿರುವವರು. ಕೊನೆಯ ಅಂಕಣದಲ್ಲಿ ‘ಅಕ್ಕ, 11 ವರ್ಷ’ ಎಂಬಂಥ ಉತ್ತರ ಬಂದರೆ ಅದನ್ನು ಹಾಗೆಯೇ ಬರೆಯಿರಿ, ಆದರೆ ಹೆಸರು ಬೇಡ. ಯಾರನ್ನೂ ಸಿಕ್ಕಿಸುವುದು ಉದ್ದೇಶವಲ್ಲ.

ಹಾಳೆಯ ಇನ್ನೊಂದು ಬದಿಗೆ ಇಲಾಖೆಯಿಂದ ಪಡೆದ ಅಂಕಿಗಳು: ಮಂಜೂರಾದ ಸೀಟು, ತುಂಬಿದ ಸೀಟು, ಖಾಲಿ ಹುದ್ದೆ, ಕೇಂದ್ರದ ವೇಳೆ, ಹೋದ ವರ್ಷ ಬಂದ ಹಣ ಮತ್ತು ಖರ್ಚಾದ ಹಣ. ಮಾಹಿತಿ ಹಕ್ಕಿನಂಥ ಕಾನೂನು ಇರುವ ಕಡೆ ಅದರಡಿ ಲಿಖಿತವಾಗಿ ಕೇಳಿ, ಬಾಯಿಮಾತಿನ ಅಂಕಿ ಬೇಡ. ‘ಹೆಚ್ಚು ಅನುದಾನ ಕೊಡಿ’ ಎಂದು ಬರೆಯಬೇಡಿ. ‘ಈ ರಸ್ತೆಗಳ 46 ಕೂಸುಗಳಿಗೆ ಇರುವ ಸೀಟು 10, ಕೇಂದ್ರ ಬೆಳಿಗ್ಗೆ ಏಳಕ್ಕೆ ತೆರೆಯಬೇಕು, ಕನಿಷ್ಠ ಇನ್ನೂ ಒಂಬತ್ತು ಪಾಲಕಿಯರು ಬೇಕು’ ಎಂಬ ಹಾಗೆ ಬರೆಯಿರಿ. ಅಂಥ ಕೋರಿಕೆಗೆ ಇಲ್ಲ ಎನ್ನಲು ಅಧಿಕಾರಿಗೆ ಕಾರಣ ಬರೆಯಬೇಕಾಗುತ್ತದೆ.

ಬಜೆಟ್ ಮಂಡನೆಯಾದ ಮೇಲೆ ಹೋದರೆ ತಡ. ಇಲಾಖೆಗಳು ಮುಂದಿನ ವರ್ಷದ ಅಂದಾಜು ಕಳಿಸುವುದು ಅದಕ್ಕೆ ಎಷ್ಟೋ ತಿಂಗಳು ಮೊದಲು. ಆ ತಿಂಗಳು ಯಾವುದೆಂದು ಲೆಕ್ಕಪತ್ರ ವಿಭಾಗದವರನ್ನು ಕೇಳಿ ತಿಳಿದುಕೊಂಡು ಆಗಲೇ ಕೊಡಿ. ಜೊತೆಗೆ ಪಾಲಕಿಯರನ್ನೂ ಕರೆದೊಯ್ಯಿರಿ. ತಾಯಂದಿರು ಒಂದು ಕಡೆ, ಪಾಲಕಿಯರು ಒಂದು ಕಡೆ ನಿಂತರೆ ಅವರ ಸಂಬಳ ಏರಿಸಿದರೆ ಇವರ ಶುಲ್ಕ ಏರುತ್ತದೆ ಎಂದು ಹೇಳಿ ಇಬ್ಬರನ್ನೂ ವಾಪಸ್ ಕಳಿಸುವುದು ಸುಲಭ. ಹಾಳೆಯ ಎರಡನೇ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ ಹಾಕಿಸಿಕೊಂಡು ಬನ್ನಿ. ಆರು ತಿಂಗಳು ಬಿಟ್ಟು ಅದೇ ಮನೆಗಳಿಗೆ, ಅದೇ ಐದು ಅಂಕಣಗಳೊಂದಿಗೆ ಮತ್ತೆ ಹೋಗಬೇಕಾಗುತ್ತದೆ.